ಸೋಮವಾರ ನಮ್ಮಲ್ಲಿ ಕ್ಲಾಸ್ ಇಲ್ಲ

ಬೆಳಗ್ಗೆ ಆರೂಕಾಲು. ಇದು ಮೈಸೂರಿನ ನಮ್ಮ ಮನೆಯ ಮಹಡಿ. ನನ್ನ ಭರತನಾಟ್ಯ ಕ್ಲಾಸ್ ನಡೆಯುವುದು ಇಲ್ಲೇ. ಮಕ್ಕಳು ಬರುವುದು ಸಂಜೆ ನಾಲ್ಕೂವರೆಗೆ. ಈಗಿನ ಈ ಒಂದು ಗಂಟೆ ಮಾತ್ರ ಪೂರ್ತಿ ನನ್ನದು. ಫೋನನ್ನು ಅಡುಗೆಮನೆಯಲ್ಲೇ ಬಿಟ್ಟು ಬಂದಿದ್ದೇನೆ. ಈ ವಿಡಿಯೊಗೆ ಕ್ಯಾಮೆರಾ ಹಿಡಿದಿರುವುದು ನನ್ನ ಮಗ. ಭೂಮಿಗೆ ನಮಸ್ಕಾರ ಮಾಡಿ, ಕಾಲು ತಟ್ಟುವ ಮೊದಲ ಪಾಠವಾದ ತಟ್ಟಡವಿನಿಂದ ಶುರು ಮಾಡುತ್ತೇನೆ. ಮೊದಲು ನಿಧಾನ, ಆಮೇಲೆ ಎರಡನೇ ಕಾಲ, ಮೂರನೇ ಕಾಲ. ಒಂದೊಂದು ಕಾಲಕ್ಕೂ ವೇಗ ಹೆಚ್ಚುತ್ತದೆ.

ಮಧ್ಯೆ ಕೆಲವು ವರ್ಷ ಈ ಒಂದು ಗಂಟೆಯೂ ಇರಲಿಲ್ಲ. ವಾರದ ಏಳೂ ದಿನ ಕ್ಲಾಸ್, ಭಾನುವಾರ ಎರಡು ಹೊತ್ತು. ಪಾಠ ಹೇಳುತ್ತಿದ್ದೆ, ಆದರೆ ನಾನು ಕುಣಿಯುವುದೇ ನಿಂತುಹೋಗಿತ್ತು. ತಾಳಕ್ಕೆ ಕೋಲಿನಿಂದ ತಟ್ಟುವ ಮರದ ಮಣೆ, ಆ ತಟ್ಟುಮಣೆ ಮುಂದೆ ಕೂತು ಕೂತು ಸೊಂಟ ಹಿಡಿಯುತ್ತಿತ್ತು. ಕೂಗಿ ಕೂಗಿ ಗಂಟಲು ಕಟ್ಟುತ್ತಿತ್ತು. ಸಿಟ್ಟು ಅನ್ನುವುದು ಮೂಗಿನ ತುದಿಯಲ್ಲೇ. ಅದನ್ನೇ ಶಿಸ್ತು ಅಂದುಕೊಂಡಿದ್ದೆ.

ಆ ಹೊತ್ತಿನಲ್ಲಿ ನಡೆದದ್ದೊಂದನ್ನು ಹೇಳಬೇಕು. ವಾರ್ಷಿಕೋತ್ಸವಕ್ಕೆ ಒಂದು ತಿಂಗಳಿತ್ತು. ಹದಿಮೂರು ವರ್ಷದ ಒಬ್ಬಳು ಹುಡುಗಿ ಎಲ್ಲರಿಗಿಂತ ಮೊದಲೇ ಬಂದು ಮೂಲೆಯಲ್ಲಿ ಪ್ರಾಕ್ಟೀಸ್ ಸೀರೆ ಕಟ್ಟಿಕೊಳ್ಳುತ್ತಿದ್ದಳು. ಶ್ರದ್ಧೆ ಜಾಸ್ತಿ ಅಂತ ನನಗೂ ಹೆಮ್ಮೆ. ಒಂದು ದಿನ ನಾನೂ ಬೇಗ ಮೇಲೆ ಬಂದೆ. ಅವಳು ಪೈಜಾಮ ಮೊಣಕಾಲಿನ ಮೇಲಕ್ಕೆ ಸರಿಸಿ, ಕಂದು ಬಣ್ಣದ ನೀ ಕ್ಯಾಪ್ ಸರಿಮಾಡಿಕೊಳ್ಳುತ್ತಿದ್ದಳು. ಎಲಾಸ್ಟಿಕ್ ಒತ್ತಿದ ಕಡೆ ಚರ್ಮ ಕೆಂಪಾಗಿ ಬರೆ ಬಿದ್ದಿತ್ತು.

"ಏನು ಮರಿ ಇದು?"

"ಏನಿಲ್ಲ ಮಿಸ್, ಸುಮ್ನೆ."

ನಿಜ ಹೇಳಿದ್ದು ಅವಳ ಅಜ್ಜಿ, ಮೆಟ್ಟಿಲ ಹತ್ತಿರ ನಿಲ್ಲಿಸಿಕೊಂಡು. ಮೂರು ವಾರದಿಂದ ಮನೆಯಲ್ಲಿ ಕೆಳಗೆ ಕೂರುವುದಕ್ಕೇ ಆಗುತ್ತಿಲ್ಲವಂತೆ. ಡಾಕ್ಟರು ರೆಸ್ಟ್ ಹೇಳಿದ್ದಾರಂತೆ. "ಹೇಳಿದ್ರೆ ಮಿಸ್ ಹಿಂದಿನ ಸಾಲಿಗೆ ಹಾಕ್ತಾರೆ ಅಂತಾಳಮ್ಮಾ" ಅಂದರು.

ಆ ರಾತ್ರಿ ನನಗೆ ಅನ್ನ ಸೇರಲಿಲ್ಲ. ಅವಳ ವಯಸ್ಸಿನಲ್ಲಿ ನಾನೂ ಜ್ವರ ಮುಚ್ಚಿಟ್ಟು ಕ್ಲಾಸಿಗೆ ನಿಂತವಳೇ. ಕೂತವರನ್ನು ಮೈಗಳ್ಳರು ಅನ್ನುತ್ತಿದ್ದರು. ಆ ಭಯ ಎಷ್ಟು ಕೆಟ್ಟದ್ದು ಅಂತ ಗೊತ್ತಿದ್ದೂ ಅದನ್ನೇ ಇವರ ಕೈಗೂ ದಾಟಿಸಿದ್ದೆ.

ತಪ್ಪು ಪಾಠದಲ್ಲೂ ಇತ್ತು. ಅರೆಮಂಡಿಯಲ್ಲಿ, ಅಂದರೆ ಮಂಡಿ ಹೊರಗೆ ಬಾಗಿಸಿ ಅರ್ಧ ಕೂತ ಭಂಗಿಯಲ್ಲಿ, ಪಾದ ಹೊರಗೆ ತಿರುಗಬೇಕು, ನಿಜ. ಆದರೆ ಆ ತಿರುವು ಸೊಂಟದ ಕೀಲಿನಿಂದ ಬರಬೇಕು. ಸೊಂಟ ಬಿಟ್ಟುಕೊಟ್ಟದ್ದಕ್ಕಿಂತ ಜಾಸ್ತಿ ಪಾದವನ್ನು ತಿರುಗಿಸಿದರೆ ಪೂರ್ತಿ ತಿರುಚು ಮಂಡಿಯ ಮೇಲೆ ಬೀಳುತ್ತದೆ. ನಾನು ಕೋಲು ತಟ್ಟುತ್ತಾ "ಇನ್ನೂ ಕೂರು, ಪಾದ ತಿರುಗಿಸು" ಅನ್ನುತ್ತಿದ್ದೆ. ಅದೂ ಗ್ರಾನೈಟ್ ನೆಲದ ಮೇಲೆ. ಈಗ ನೀವು ನೋಡುತ್ತಿರುವ ಈ ಮರದ ಹಲಗೆಗಳನ್ನು ಎರಡು ವರ್ಷದ ಉಳಿತಾಯದಲ್ಲಿ ಹಾಕಿಸಿದ್ದು. ಕೆಳಗೆ ರಬ್ಬರ್ ಶೀಟ್ ಇದೆ. ಕಾಲು ತಟ್ಟಿದರೆ ಸದ್ದು ಬರುತ್ತದೆ, ಆದರೆ ಏಟು ನೇರವಾಗಿ ಮೂಳೆಗೆ ಹೋಗುವುದಿಲ್ಲ.

ಆ ಹುಡುಗಿಗೆ ಎರಡು ತಿಂಗಳು ಕುಣಿತ ಬೇಡ ಅಂದೆ. ಕಣ್ಣಲ್ಲಿ ನೀರು ಬಂತು ಅವಳಿಗೆ. "ಕ್ಲಾಸಿಗೆ ಬಾ, ನನ್ನ ಪಕ್ಕ ಕೂತು ತಾಳ ಹಾಕು" ಅಂದೆ. ಅವತ್ತಿನಿಂದ ಅದೇ ನಮ್ಮ ಕ್ಲಾಸಿನ ಪದ್ಧತಿ ಆಯಿತು. ನೋವಿರಲಿ, ಮುಟ್ಟಿನ ಸುಸ್ತಿರಲಿ, ನಿದ್ದೆ ಕೆಟ್ಟಿರಲಿ, ಬಂದು ಹೇಳಿದರೆ ಸಾಕು. ಕಾರಣ ಕೇಳುವುದಿಲ್ಲ. ಕೂತವರು ಕೈಯಲ್ಲಿ ತಾಳ ಹಾಕುತ್ತಾ ಬಾಯಲ್ಲಿ ಸೊಲ್ಲುಕಟ್ಟು, ಅಂದರೆ ತಾಳದ ನುಡಿಗಳನ್ನು ಹೇಳುತ್ತಾರೆ. ಕೂರುವುದೂ ಒಂದು ಪಾಠವೇ. ಮೊದಮೊದಲು ಕೆಲವು ಅಪ್ಪ-ಅಮ್ಮಂದಿರಿಗೆ ಇದು ಹಿಡಿಸಲಿಲ್ಲ. ಫೀಸು ಕೊಡುವುದು ಕೂರಿಸುವುದಕ್ಕಾ ಅಂತ ಕೇಳಿದವರೂ ಇದ್ದಾರೆ.

ಮೈ ದಪ್ಪ, ಸಣ್ಣ ಅನ್ನುವ ಮಾತು ಇಲ್ಲಿ ಯಾರೂ ಆಡುವ ಹಾಗಿಲ್ಲ. ನಾನು, ಅಸಿಸ್ಟೆಂಟುಗಳು, ಕರೆದುಕೊಂಡು ಹೋಗಲು ಬರುವ ಅಮ್ಮಂದಿರು, ಎಲ್ಲರಿಗೂ ಇದೇ ನಿಯಮ. ಬೆಳೆಯುವ ಮಕ್ಕಳು ಮೈ ದಂಡಿಸುವುದಕ್ಕೆ ತಕ್ಕಷ್ಟು ಊಟ ಮಾಡದಿದ್ದರೆ ಮುಟ್ಟು ನಿಲ್ಲಬಹುದು, ಮೂಳೆ ಸೊರಗಬಹುದು. ಹಾಗಾಗಿ ಸಂಜೆ ಆರೂವರೆ ಬ್ಯಾಚಿನವರು ಏನಾದರೂ ತಿಂದು ಬಂದಿದ್ದಾರಾ ಅಂತ ಕೇಳಿಯೇ ಶುರು ಮಾಡುತ್ತೇನೆ. ಕಪಾಟಿನಲ್ಲಿ ಒಂದು ಡಬ್ಬಿ ಕಡಲೆಮಿಠಾಯಿ ಯಾವಾಗಲೂ ಇರುತ್ತದೆ.

ಇನ್ನು ಅಸಿಸ್ಟೆಂಟುಗಳ ವಿಷಯ. ಇಬ್ಬರೂ ನನ್ನ ಹಳೆಯ ವಿದ್ಯಾರ್ಥಿನಿಯರೇ, ಭರತನಾಟ್ಯದ ಸೀನಿಯರ್ ಪರೀಕ್ಷೆ ಮುಗಿಸಿದವರು. ನಮ್ಮ ರಂಗದಲ್ಲಿ ಇಂಥವರ ಹತ್ತಿರ ಬಿಟ್ಟಿ ಪಾಠ ಹೇಳಿಸುವುದು ರೂಢಿ. ಗುರುಸೇವೆ ಅನ್ನುತ್ತಾರೆ. ಸೇವೆ ಅವರಾಗಿ ಮನಸ್ಸಿನಿಂದ ಮಾಡುವುದು. ನಾವು ಕೆಲಸ ಹೇಳಿದ ಮೇಲೆ ಅದು ದುಡಿಮೆ, ಅಲ್ವಾ? ತಿಂಗಳ ಐದನೇ ತಾರೀಖಿನೊಳಗೆ ಸಂಬಳ ಕೊಡುತ್ತೇನೆ. ಅವರಿದ್ದಾರೆ ಅಂತಲೇ ನನಗೆ ವಾರದಲ್ಲಿ ಎರಡು ಸಂಜೆ ಏಳು ಗಂಟೆಗೇ ಕೆಳಗಿಳಿದು ಮಗನ ಜೊತೆ ಊಟ ಮಾಡಲು ಆಗುವುದು.

ಗಡಿಬಿಡಿಯ ಪೋಷಕರಿಗೆ ಮಾತ್ರ ಇನ್ನೂ ಸಮಾಧಾನ ಹೇಳುತ್ತಲೇ ಇದ್ದೇನೆ. "ಎಂಟನೇ ಕ್ಲಾಸಿನಲ್ಲೇ ರಂಗಪ್ರವೇಶ ಮುಗಿಸಿಬಿಡಿ ಮೇಡಂ, ಆಮೇಲೆ ಎಸ್ಸೆಸ್ಸೆಲ್ಸಿ" ಅನ್ನುತ್ತಾರೆ. ಅಂಥವರಿಗೆ ನಾನು ನಮ್ಮ ಊರಿನ ನೃತ್ಯಗುರು ವೆಂಕಟಲಕ್ಷಮ್ಮನವರ ಕಥೆ ಹೇಳುತ್ತೇನೆ. ಹುಟ್ಟಿದ್ದು 1906ರಲ್ಲಿ. ನರ್ತಕಿ ಜಟ್ಟಿ ತಾಯಮ್ಮನವರ ಶಿಷ್ಯೆ, ಅರಮನೆಯ ಕಲಾವಿದೆ. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ಕಲಿಸಿದರು. ಪದ್ಮಭೂಷಣ ಬಂದದ್ದು 1992ರಲ್ಲಿ, ಎಂಬತ್ತು ದಾಟಿದ ಮೇಲೆ. ಅವರ ಹೆಸರು ನಿಂತದ್ದು ಅಭಿನಯದಿಂದ. ಹಾಡಿನ ಒಂದೇ ಸಾಲಿಗೆ ಕಣ್ಣು, ಹುಬ್ಬು, ತುಟಿ ಎಷ್ಟು ಬಗೆಯಲ್ಲಿ ಉತ್ತರ ಕೊಡಬಹುದು ಅನ್ನುವುದು ಹದಿಮೂರಕ್ಕೆ ಮುಗಿಯುವ ಕಲಿಕೆಯಾ? ರಂಗಪ್ರವೇಶಕ್ಕಾಗಿ ಲಕ್ಷಗಟ್ಟಲೆ ಸಾಲ ಮಾಡಬೇಡಿ ಅಂತಲೂ ಹೇಳುತ್ತೇನೆ.

ವಾಟ್ಸಾಪ್ ಗ್ರೂಪಿನಲ್ಲಿ ರಾತ್ರಿ ಎಂಟರ ಮೇಲೆ ಉತ್ತರವಿಲ್ಲ. ಸೋಮವಾರ ಕ್ಲಾಸ್ ಇಲ್ಲ, ವಾರ್ಷಿಕೋತ್ಸವದ ವಾರದಲ್ಲೂ ಇಲ್ಲ. ಸೋಮವಾರ ಅಮ್ಮನ ಮನೆಗೆ ಹೋಗುತ್ತೇನೆ. ಅಲ್ಲಿ ಮಧ್ಯಾಹ್ನ ಚಾಪೆ ಹಾಸಿಕೊಂಡು ಮಲಗುತ್ತೇನೆ. ವಾರಕ್ಕೊಂದು ದಿನ ರಜೆ ಕೊಟ್ಟರೆ ಎಷ್ಟು ಮಕ್ಕಳು ಬಿಟ್ಟುಹೋಗುತ್ತಾರೋ ಅಂತ ಲೆಕ್ಕ ಹಾಕಿ ಹೆದರಿದ್ದೆ. ಇಬ್ಬರು ಹೋದರು. ಉಳಿದವರಿಗೆ ಮಂಗಳವಾರ ಸಿಗುವ ನಾನು ಬೇರೆಯೇ ಮಿಸ್.

ಈಗ ಸಂಜೆ, ಐದೂವರೆಯ ಬ್ಯಾಚ್. ತಟ್ಟುಮಣೆ ಮುಂದೆ ಕೂತಿದ್ದಾಳಲ್ಲ, ಅವಳೇ ಆ ನೀ ಕ್ಯಾಪಿನ ಹುಡುಗಿ. ಮಂಡಿ ವಾಸಿಯಾಗಿದೆ, ಕುಣಿಯುತ್ತಾಳೆ. ಆದರೆ ಕೂತಿದ್ದ ಆ ಎರಡು ತಿಂಗಳಲ್ಲಿ ಜತಿ, ಅಂದರೆ ಸೊಲ್ಲುಗಳ ಜೋಡಣೆ ಹೇಳುವ ರುಚಿ ಹತ್ತಿತು. ಈಗ ಸೊಲ್ಲು ಹೇಳಿ ತಾಳ ಹಿಡಿದು ಕುಣಿಯುವವರನ್ನು ನಡೆಸುವ ನಟ್ಟುವಾಂಗ ಕಲಿಯುತ್ತಿದ್ದಾಳೆ. ನಾನು ಚಿಕ್ಕವರ ಮುಂದೆ ನಿಂತು ನಾಟ್ಟಡವು ತೋರಿಸುತ್ತಿದ್ದೇನೆ. ಮೂರನೇ ಸಲ ಕಾಲು ಚಾಚಿ ಹಿಮ್ಮಡಿ ಊರುವಾಗ ನನ್ನ ಕೈ ತಾನಾಗೇ ಎಡಮಂಡಿಗೆ ಹೋಯಿತು. ಕೋಲಿನ ಸದ್ದು ನಿಂತಿತು.

"ಮಿಸ್, ನೋವಿದ್ರೆ ಬನ್ನಿ, ಪಕ್ಕ ಕೂತ್ಕೊಂಡು ತಾಳ ಹಾಕಿ."

ಹೋಗಿ ಕೂತೆ. ಅವಳು ಕೋಲೆತ್ತಿ ಮೊದಲನೇ ಕಾಲದಿಂದ ಮತ್ತೆ ಶುರು ಮಾಡಿದಳು.