ಬೇರೆ ಪದವಿಯಿಂದ ನರ್ಸಿಂಗ್‌ಗೆ

ಕೇಳುಗರೇ, ನಮಸ್ಕಾರ.

ಬಿ.ಕಾಂ. ಆಗಿದೆ, ಇಲ್ಲವೇ ಎಂಜಿನಿಯರಿಂಗ್ ಆಗಿದೆ. ಈಗ ನರ್ಸ್ ಆಗಬೇಕೆಂಬ ಮನಸ್ಸು ಬಂದಿದೆ. ನಮ್ಮ ದೇಶದಲ್ಲಾದರೆ ಅಂಥವರು ಮೊದಲಿನಿಂದಲೇ ಶುರು ಮಾಡಬೇಕು. ಇಲ್ಲಿ ಎಂ.ಎಸ್ಸಿ. ನರ್ಸಿಂಗ್ ಸೇರಲು ಬಿ.ಎಸ್ಸಿ. ನರ್ಸಿಂಗ್ ಅಥವಾ ಡಿಪ್ಲೊಮಾ ನರ್ಸುಗಳು ಓದುವ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ನರ್ಸ್ ಎಂದು ನೋಂದಣಿಯಾಗಿ, ಒಂದು ವರ್ಷ ಕೆಲಸ ಮಾಡಿರಬೇಕು. ಅಮೆರಿಕದಲ್ಲಾದರೆ ಇನ್ನೊಂದು ದಾರಿಯಿದೆ. ಬೇರೆ ಪದವಿ ಇದ್ದವರು ಅಲ್ಲಿ ನೇರವಾಗಿ ನರ್ಸಿಂಗ್ ಸ್ನಾತಕೋತ್ತರಕ್ಕೇ ಸೇರಬಹುದು. ಅಲ್ಲಿ ನೆಲೆಸಿ, ಕೈಯಲ್ಲಿ ಪದವಿಯಿದ್ದೂ ಮುಂದೇನು ಎಂದು ಯೋಚಿಸುತ್ತಿರುವ ನಮ್ಮವರಿಗಾಗಿ ಇವತ್ತಿನ ಮಾತು.

ಈ ಏರ್ಪಾಡು ಹೊಸದೇನಲ್ಲ. ಯೇಲ್ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆ ಶುರುವಾದದ್ದು 1923ರಲ್ಲಿ. ಪದವೀಧರರಿಗೆ ಮಾತ್ರ ಪ್ರವೇಶವೆಂದು 1934ರಲ್ಲೇ ಅದು ತೀರ್ಮಾನಿಸಿತ್ತು. ನರ್ಸಿಂಗ್ ಓದಿರದ ಪದವೀಧರರಿಗೆ ಮೂರು ವರ್ಷದ ಸ್ನಾತಕೋತ್ತರ ಕೋರ್ಸನ್ನು 1974ರಲ್ಲಿ ತೆರೆಯಿತು. ಇಂಥ ಕೋರ್ಸಿಗೆ ಡೈರೆಕ್ಟ್ ಎಂಟ್ರಿ ಎನ್ನುತ್ತಾರೆ.

ಹಳೆಯ ಪದವಿ ತೋರಿಸಿದ ಮಾತ್ರಕ್ಕೆ ಸೀಟು ಸಿಗುವುದಿಲ್ಲ. ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿಶಾಸ್ತ್ರ, ಸಂಖ್ಯಾಶಾಸ್ತ್ರ, ಇಂಥ ವಿಷಯಗಳನ್ನು ಮೊದಲೇ ಮುಗಿಸಿರಬೇಕು. ಎಷ್ಟೋ ಶಾಲೆಗಳು ಹಳೆಯ ಅಂಕಗಳನ್ನು ಒಪ್ಪುವುದಿಲ್ಲ. ಕೆಲವು ವರ್ಷಗಳ ಈಚೆಗೆ ಓದಿರಬೇಕು ಎನ್ನುತ್ತವೆ. ಇವನ್ನು ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಓದಿದರೆ ಖರ್ಚು ಬಹಳ ಕಡಿಮೆ. ಅಲ್ಲಿ ಓದಿದ್ದನ್ನು ಒಪ್ಪುತ್ತಾರೆಯೇ ಎಂದು ಸೇರಬೇಕಾದ ಶಾಲೆಯನ್ನು ಮೊದಲು ಕೇಳಿಕೊಳ್ಳಿ. ಭಾರತದ ಅಂಕಪಟ್ಟಿಗಳಿಗೆ ಮೌಲ್ಯಮಾಪನ ಮಾಡಿಸಬೇಕು, ಅದಕ್ಕೂ ಸಮಯ ಹಿಡಿಯುತ್ತದೆ.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ಎಂ.ಎಸ್‌.ಎನ್. ಎಂಬ ನರ್ಸಿಂಗ್ ಸ್ನಾತಕೋತ್ತರ ಪದವಿಯ ಹೆಸರು ಕೇಳಿದೊಡನೆ, ರೋಗ ಪತ್ತೆಹಚ್ಚಿ ಔಷಧಿ ಬರೆದುಕೊಡುವ ನರ್ಸ್ ಪ್ರಾಕ್ಟಿಷನರ್ ಆಗಿಬಿಡುತ್ತೇವೆಂದು ಅನೇಕರು ತಿಳಿಯುತ್ತಾರೆ. ಕೆಲವು ಕೋರ್ಸುಗಳು ರಿಜಿಸ್ಟರ್ಡ್ ನರ್ಸ್, ಅಂದರೆ ಲೈಸೆನ್ಸ್ ಪಡೆದ ಸಾಮಾನ್ಯ ನರ್ಸ್ ಹಂತಕ್ಕೇ ನಿಲ್ಲುತ್ತವೆ. ಇನ್ನು ಕೆಲವು, ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾಗಿ ಲೈಸೆನ್ಸ್ ಬಂದ ಮೇಲೆ, ಪ್ರಾಕ್ಟಿಷನರ್ ಓದಿಗೆ ಕರೆದೊಯ್ಯುತ್ತವೆ. ಆಮೇಲೂ ಆಯ್ದುಕೊಂಡ ವಿಭಾಗದ ರಾಷ್ಟ್ರೀಯ ಪರೀಕ್ಷೆಯೊಂದಿರುತ್ತದೆ. ಶುಲ್ಕ ಕಟ್ಟುವ ಮೊದಲು ಇದನ್ನು ಬಿಡಿಸಿ ಕೇಳಲೇಬೇಕು. ರಿಜಿಸ್ಟರ್ಡ್ ನರ್ಸ್ ಆದರೆ ಸಾಕು ಎನ್ನುವವರಿಗೆ, ಬೇರೆ ಪದವಿ ಆದವರು ಬೇಗ ಮುಗಿಸುವ ನರ್ಸಿಂಗ್ ಪದವಿ, ಆಕ್ಸಲರೇಟೆಡ್ ಬಿ.ಎಸ್‌.ಎನ್. ಇದೆ. ಸುಮಾರು ಒಂದರಿಂದ ಒಂದೂವರೆ ವರ್ಷದ ಓದು. ಕೆಲಸ ಹಿಡಿದು, ವಾರ್ಡು ಕಂಡು, ಆಮೇಲೆ ಸ್ನಾತಕೋತ್ತರಕ್ಕೆ ಹೋಗುವುದೇ ಹೆಚ್ಚಿನವರಿಗೆ ಒಳ್ಳೆಯದೆಂದು ನನ್ನ ದೃಢ ಅಭಿಪ್ರಾಯ. ರೋಗಿಯ ಮೈ ಒರೆಸಿ, ಮಗ್ಗುಲು ಬದಲಿಸಿ, ಹನ್ನೆರಡು ಗಂಟೆಯ ಪಾಳಿ ಮುಗಿಸಿದಾಗ ಈ ಕೆಲಸ ತನಗೆ ಒಗ್ಗುತ್ತದೋ ಇಲ್ಲವೋ ಗೊತ್ತಾಗುತ್ತದೆ. ದೊಡ್ಡ ಸಾಲ ಹೊರುವ ಮುಂಚೆಯೇ ಅದು ಗೊತ್ತಾಗಲಿ. ಓದುವಾಗ ಬಿಡುವು ಸಿಗುವುದಿಲ್ಲ, ಮನೆಯವರೊಂದಿಗೂ ಈ ಮಾತು ಮೊದಲೇ ಆಗಬೇಕು.

ಎಚ್‌-4 ವೀಸಾದ ಮೇಲಿರುವವರು, ಅಂದರೆ ಕೆಲಸದ ವೀಸಾ ಪಡೆದವರ ಗಂಡ ಅಥವಾ ಹೆಂಡತಿಯಾಗಿ ಹೋದವರು, ಗಮನಿಸಿ. ಆ ವೀಸಾದಲ್ಲಿ ಓದಬಹುದು. ಆದರೆ ನರ್ಸಿಂಗ್ ಲೈಸೆನ್ಸ್ ಬಂತೆಂದು ಕೆಲಸ ಮಾಡುವ ಹಕ್ಕು ಬರುವುದಿಲ್ಲ, ಅದಕ್ಕೆ ಬೇರೆ ಅನುಮತಿ ಬೇಕು.

ಭಾರತದಲ್ಲೇ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಹೋದವರು ಈ ಕೋರ್ಸುಗಳಿಗೆ ಹಣ ಸುರಿಯಬೇಕಿಲ್ಲ. ನೀವು ಅಂಕಪಟ್ಟಿ, ನೋಂದಣಿ ಪತ್ರಗಳ ಪರಿಶೀಲನೆ ಮಾಡಿಸಿ, ಅಮೆರಿಕದಲ್ಲಿ ನೀವಿರುವ ರಾಜ್ಯದ ನರ್ಸಿಂಗ್ ಮಂಡಳಿಗೆ ಅರ್ಜಿ ಹಾಕಿ, ಎನ್‌ಕ್ಲೆಕ್ಸ್ ಬರೆಯಬಹುದು. ಆ ಪರೀಕ್ಷೆಗೆ ಬೆಂಗಳೂರಿನಲ್ಲೂ ಕೇಂದ್ರವಿದೆ.

ನಮಸ್ಕಾರ.