ಕ್ಯೂಆರ್ ಕೋಡ್‌ಗೆ ಮೂರೇ ಕಣ್ಣು ಯಾಕೆ?

[ದೃಶ್ಯ: ಎಳನೀರು ಗಾಡಿ. ಕಾಯಿಗಳ ನಡುವೆ ಸಿಕ್ಕಿಸಿದ ಕ್ಯೂಆರ್ ಕೋಡ್ ಹಾಳೆ. ಫೋನ್ ಹಿಡಿದ ಕೂಡಲೇ ಟಿಂಗ್ ಸದ್ದು.]

ನಮಸ್ಕಾರ. ಈ ಹಾಳೆ ನೋಡಿ. ಬಿಸಿಲಿಗೆ ಬಣ್ಣ ಹೋಗಿದೆ. ಒಂದು ಕಡೆ ಹರಿದಿದೆ, ಮೇಲೆ ನೀರಿನ ಕಲೆ ಬೇರೆ. ನಾನು ಫೋನ್ ಸೊಟ್ಟಗೆ ಹಿಡಿದೆ. ಆದರೂ ಓದಿಕೊಂಡಿತು, ಅಲ್ವಾ?

ಇದು ಅದೃಷ್ಟ ಅಲ್ಲ. ಇದು ಕೊಳೆಯಾಗುತ್ತದೆ, ಜನ ಅವಸರದಲ್ಲಿ ಹೆಂಗೆಂಗೋ ಹಿಡಿಯುತ್ತಾರೆ ಅಂತ ಮೊದಲೇ ಲೆಕ್ಕ ಹಾಕಿ ಮಾಡಿದ್ದು. ಆದರೆ ಲೆಕ್ಕ ಹಾಕಿದವರ ತಲೆಯಲ್ಲಿ ಎಳನೀರೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಇದ್ದದ್ದು ಕಾರಿನ ಬಿಡಿಭಾಗ ತುಂಬಿದ ಡಬ್ಬಗಳು.

[ದೃಶ್ಯ: ಜಪಾನ್ ನಕ್ಷೆ. ಐಚಿ ಪ್ರಾಂತ್ಯದ ಕಾರಿಯಾ ಊರಿನ ಮೇಲೆ ಗುರುತು.]

ಕಾರಿಯಾದಲ್ಲಿ ಡೆನ್ಸೊ ಅಂತ ಒಂದು ಕಂಪನಿ. 1949ರಲ್ಲಿ ಟೊಯೋಟಾದಿಂದ ಬೇರೆಯಾಗಿದ್ದು, ಆಗಿನ ಹೆಸರು ನಿಪ್ಪಾನ್‌ಡೆನ್ಸೊ. ಕೆಲಸ, ಕಾರಿಗೆ ಬೇಕಾದ ಬಿಡಿಭಾಗ ಮಾಡುವುದು.

ಟೊಯೋಟಾ ಪದ್ಧತಿಯಲ್ಲಿ ಬಿಡಿಭಾಗಗಳನ್ನು ಗೋದಾಮಿನಲ್ಲಿ ರಾಶಿ ಹಾಕಿಕೊಳ್ಳುವುದಿಲ್ಲ. ಎಷ್ಟು ಬೇಕೋ ಅಷ್ಟು, ಬೇಕಾದಾಗ ತರಿಸಿಕೊಳ್ಳುತ್ತಾರೆ. ಅದಕ್ಕೆ ಪ್ರತಿ ಡಬ್ಬದ ಜೊತೆ ಒಂದು ಚೀಟಿ ಇರುತ್ತದೆ. ಡಬ್ಬದ ಸಾಮಾನು ಬಳಕೆಗೆ ಹೋದರೆ ಚೀಟಿ ವಾಪಸ್ ಹೋಗುತ್ತದೆ. ‘ಇನ್ನೊಂದು ಡಬ್ಬ ಕಳಿಸಿ’ ಅಂತ ಅದರ ಅರ್ಥ. ಇದೇ ಕಾನ್‌ಬಾನ್. ಬಿಡದಿಯ ಕಾರು ಕಾರ್ಖಾನೆಯಲ್ಲಿ ಕೆಲಸ ಮಾಡುವ ಗೆಳೆಯರಿದ್ದರೆ ಕೇಳಿ ನೋಡಿ, ಈ ಪದವನ್ನು ನಿಮಗೆ ಅವರೇ ವಿವರಿಸುತ್ತಾರೆ.

ಈ ಚೀಟಿಗಳ ಲೆಕ್ಕಕ್ಕೆ ಬಾರ್‌ಕೋಡ್ ಬಂತು. ಆದರೆ ಒಂದು ಬಾರ್‌ಕೋಡ್‌ನಲ್ಲಿ ಹಿಡಿಸುವುದು ಸುಮಾರು 20 ಅಕ್ಷರ. 1990ರ ಹೊತ್ತಿಗೆ ಒಂದೇ ಮಾದರಿಯನ್ನು ಲಕ್ಷಗಟ್ಟಲೆ ಮಾಡುವ ಕಾಲ ಹೋಗಿ, ಹತ್ತಾರು ಮಾದರಿಯನ್ನು ಸ್ವಲ್ಪ ಸ್ವಲ್ಪ ಮಾಡುವ ಕಾಲ ಬಂದಿತ್ತು. ಬರೆದಿಡಬೇಕಾದ ವಿವರ ಜಾಸ್ತಿಯಾಯಿತು. ಒಂದೊಂದು ಡಬ್ಬದ ಮೇಲೆ ಹತ್ತು ಬಾರ್‌ಕೋಡ್ ಅಂಟಿಸುವ ಪರಿಸ್ಥಿತಿ. ಒಂದು ಡಬ್ಬಕ್ಕೆ ಹತ್ತು ಸಲ ಸ್ಕ್ಯಾನರ್ ಹಿಡಿಯಬೇಕು. ದಿನವಿಡೀ ಅದೇ ಕೆಲಸ ಮಾಡುವವರ ಕೈ ಏನಾಗಬೇಕು ಹೇಳಿ? ಸಾಲದ್ದಕ್ಕೆ ಕಾರ್ಖಾನೆ ಎಣ್ಣೆ ತಾಗಿ ಬಾರ್‌ಕೋಡ್ ಹಾಳಾಗುತ್ತಿತ್ತು.

ಕೆಲಸಗಾರರ ಈ ಗೋಳು ಮಸಾಹಿರೊ ಹಾರಾ ಎಂಬ ಎಂಜಿನಿಯರ್ ಕಿವಿಗೆ ಬಿತ್ತು. 1992ರಲ್ಲಿ ಅವರು ಕೆಲಸ ಶುರು ಮಾಡಿದರು. ತಂಡ ಅಂದರೆ ಎಷ್ಟು ಜನ ಅಂದುಕೊಂಡಿರಿ? ಇಬ್ಬರೇ.

ಅಮೆರಿಕದಲ್ಲಿ ಆಗಲೇ ಚೌಕದ ಕೋಡ್‌ಗಳು ಬಂದಿದ್ದವು. ಅವುಗಳ ಚಿಂತೆಯೆಲ್ಲ ಚಿಕ್ಕ ಜಾಗದಲ್ಲಿ ಎಷ್ಟು ತುಂಬಬಹುದು ಅನ್ನುವುದು. ಹಾರಾ ಹಿಡಿದದ್ದು ಬೇರೆ ಎಳೆ: ತುಂಬುವುದು ಇರಲಿ, ಎಷ್ಟು ಬೇಗ ಓದಬಹುದು? ಹೆಸರಲ್ಲೇ ಇದೆ ನೋಡಿ. ಕ್ಯೂಆರ್ ಅಂದರೆ ಕ್ವಿಕ್ ರೆಸ್ಪಾನ್ಸ್.

ಹಾರಾ ಊಟದ ಬಿಡುವಿನಲ್ಲಿ ‘ಗೋ’ ಆಡುತ್ತಿದ್ದರು. ಗೆರೆ ಎಳೆದ ಹಲಗೆ, ಮೇಲೆ ಕಪ್ಪು ಬಿಳಿ ಕಾಯಿಗಳು. ಕಪ್ಪು ಬಿಳಿ ಚುಕ್ಕಿಯಲ್ಲಿ ಮಾಹಿತಿ ಬರೆಯುವ ಯೋಚನೆ ಅಲ್ಲಿಂದ ಬಂತು ಅಂತ ಅವರೇ ಹೇಳಿದ್ದಾರೆ. ಈ ಕಥೆ ಎಲ್ಲರಿಗೂ ಇಷ್ಟ. ನನಗೆ ಇಷ್ಟವಾಗುವುದು ಇದರ ಮುಂದಿನ ಕಥೆ.

[ದೃಶ್ಯ: ಪರದೆ ತುಂಬ ಒಂದು ಕ್ಯೂಆರ್ ಕೋಡ್. ಮೂರು ಮೂಲೆಯ ಚೌಕಗಳು ಕೆಂಪಾಗುತ್ತವೆ.]

ಸ್ಕ್ಯಾನರ್‌ಗೆ ಮೊದಲ ಕಷ್ಟ ಓದುವುದಲ್ಲ, ಹುಡುಕುವುದು. ಚೀಟಿಯ ಮೇಲೆ ಅಕ್ಷರ ಇದೆ, ಗೆರೆ ಇದೆ, ಚಿತ್ರ ಇದೆ. ಇದರಲ್ಲಿ ಕೋಡ್ ಯಾವುದು? ಅದಕ್ಕೇ ಮೂಲೆಯಲ್ಲಿ ಈ ಕಣ್ಣುಗಳು. ಆದರೆ ಇದೇ ಆಕಾರ ಬೇರೆಲ್ಲೋ ಅಚ್ಚಾಗಿದ್ದರೆ ಸ್ಕ್ಯಾನರ್ ಮೋಸ ಹೋಗುತ್ತದೆ. ಹಾಗಾದರೆ ಯಾವ ಆಕಾರ ಎಲ್ಲೂ ಸಿಗುವುದಿಲ್ಲ?

ಇಬ್ಬರೂ ಕೂತು ಕರಪತ್ರ, ಪತ್ರಿಕೆ, ರಟ್ಟಿನ ಡಬ್ಬ, ಕೈಗೆ ಸಿಕ್ಕ ಅಚ್ಚಾದದ್ದನ್ನೆಲ್ಲ ಅಳೆದರು. ಕಪ್ಪು ಎಷ್ಟು ಅಗಲ, ಬಿಳಿ ಎಷ್ಟು ಅಗಲ. ಕೊನೆಗೆ ತೀರಾ ಅಪರೂಪದ ಅನುಪಾತ ಒಂದು ಸಿಕ್ಕಿತು. 1:1:3:1:1. ಕಪ್ಪು ಒಂದು, ಬಿಳಿ ಒಂದು, ಕಪ್ಪು ಮೂರು, ಬಿಳಿ ಒಂದು, ಕಪ್ಪು ಒಂದು.

ಈಗ ಆ ಚೌಕದ ನಡುವೆ ಬೆರಳಿಟ್ಟು ಅಡ್ಡ ಗೆರೆ ಎಳೆಯಿರಿ. 1:1:3:1:1. ಉದ್ದಕ್ಕೆ ಎಳೆಯಿರಿ, ಅದೇ. ಓರೆಯಾಗಿ ಎಳೆದರೂ ಅದೇ. ಆದ್ದರಿಂದಲೇ ಫೋನ್ ತಲೆಕೆಳಗಾಗಿ ಹಿಡಿದರೂ ಪರವಾಗಿಲ್ಲ. ಇನ್ನು ನಾಲ್ಕನೇ ಮೂಲೆ ಯಾಕೆ ಖಾಲಿ? ನಾಲ್ಕೂ ಕಡೆ ಕಣ್ಣಿದ್ದರೆ ಮೇಲು ಯಾವುದು, ಕೆಳಗೆ ಯಾವುದು ಅಂತ ಹೇಗೆ ಗೊತ್ತಾಗಬೇಕು? ಕಣ್ಣಿಲ್ಲದ ಮೂಲೆಯೇ ದಿಕ್ಕು ತೋರಿಸುವುದು.

ಎಣ್ಣೆಯ ಕಾಟಕ್ಕೆ ಗಣಿತದ ಮದ್ದು. ರೀಡ್-ಸಾಲೊಮನ್ ಎಂಬ ಲೆಕ್ಕ, ಗೀಚು ಬಿದ್ದ ಸಿಡಿ ಹಾಡುವುದೂ ಇದರಿಂದಲೇ. ಮಾಹಿತಿಯ ಜೊತೆ ಸ್ವಲ್ಪ ಹೆಚ್ಚುವರಿ ಚುಕ್ಕಿ ಸೇರಿಸಿಡುತ್ತಾರೆ. ಹಾಳಾದ ಭಾಗವನ್ನು ಉಳಿದದ್ದರಿಂದ ಲೆಕ್ಕ ಹಾಕಿ ತುಂಬಿಕೊಳ್ಳಬಹುದು. ಜಾಸ್ತಿ ಅಂದರೆ ಸುಮಾರು 30 ಶೇಕಡಾ ಹೋದರೂ ನಡೆಯುತ್ತದೆ. ಕೋಡ್‌ನ ನಡುವೆ ಕಂಪನಿಗಳು ತಮ್ಮ ಲೋಗೋ ಕೂರಿಸುತ್ತವಲ್ಲ, ಈ ಎಣ್ಣೆ ಕಲೆಯ ಪಾಲನ್ನೇ ಅವು ಬಳಸಿಕೊಳ್ಳುವುದು. ಹಾಗಂತ ಕಣ್ಣಿನ ಮೇಲೆ ಸ್ಟಿಕ್ಕರ್ ಅಂಟಿಸಬೇಡಿ. ಕೋಡ್ ಎಲ್ಲಿದೆ ಅಂತಲೇ ತಿಳಿಯದಿದ್ದರೆ ಯಾವ ಗಣಿತವೂ ಕೆಲಸಕ್ಕೆ ಬರುವುದಿಲ್ಲ.

1994ರಲ್ಲಿ ಕೋಡ್ ಹೊರಬಂತು. ಸುಮಾರು 7,000 ಅಂಕಿ ಹಿಡಿಸುತ್ತಿತ್ತು, ಜಪಾನಿನ ಕಾಂಜಿ ಅಕ್ಷರಗಳೂ ಸೇರುತ್ತಿದ್ದವು. ಕಂಪನಿ ಪೇಟೆಂಟ್ ಇಟ್ಟುಕೊಂಡಿತು, ಆದರೆ ನಿಯಮದ ಪ್ರಕಾರ ಬಳಸುವವರ ಮೇಲೆ ಅದನ್ನು ಚಲಾಯಿಸುವುದಿಲ್ಲ ಅಂದಿತು. ಇದನ್ನು ದೊಡ್ಡ ತ್ಯಾಗ ಅಂತ ಹೊಗಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬಿಡಿಭಾಗದ ಜೊತೆಗೆ ಕಂಪನಿ ಸ್ಕ್ಯಾನರ್ ಕೂಡ ಮಾರುತ್ತಿತ್ತು. ಕೋಡ್ ಬಿಟ್ಟಿ ಸಿಕ್ಕಷ್ಟೂ ಓದುವ ಯಂತ್ರಕ್ಕೆ ಗಿರಾಕಿ ಜಾಸ್ತಿ. ಪಕ್ಕಾ ವ್ಯಾಪಾರದ ಲೆಕ್ಕ, ಒಳ್ಳೆಯ ಲೆಕ್ಕ. 2000ದಲ್ಲಿ ಇದು ಐಎಸ್‌ಒ ಮಾನದಂಡವೂ ಆಯಿತು.

ಆದರೆ 2002ರಲ್ಲಿ ಜಪಾನಿನ ಮೊಬೈಲ್‌ಗಳಲ್ಲೇ ಕ್ಯೂಆರ್ ಓದುವ ಕ್ಯಾಮೆರಾ ಬಂತು. ಈಗ ಪ್ರತಿ ಜೇಬಿನಲ್ಲೂ ಒಂದು ಸ್ಕ್ಯಾನರ್! ಹಣ ಪಾವತಿಗೆ ಇದು ಬಳಕೆಯಾಗುತ್ತದೆ ಅಂತ ತಾವು ಎಣಿಸಿರಲಿಲ್ಲ ಅಂತ ಹಾರಾ ಆಮೇಲೆ ಹೇಳಿಕೊಂಡರು.

ನಮ್ಮಲ್ಲಿ 2016ರಲ್ಲಿ ಯುಪಿಐ ಬಂದ ಮೇಲಿನ ಕಥೆ ನಿಮಗೆ ಗೊತ್ತೇ ಇದೆ. ಒಂದು ಮಾತು ಮಾತ್ರ. ಗಾಡಿಗೆ ಅಂಟಿಸಿದ ಹಾಳೆಯಲ್ಲಿ ಮುಖ್ಯವಾಗಿ ಇರುವುದು ಅಂಗಡಿಯವರ ಯುಪಿಐ ವಿಳಾಸ ಮತ್ತು ಹೆಸರು. ದುಡ್ಡು ಓಡಾಡುವುದು ಬ್ಯಾಂಕುಗಳ ನಡುವೆ. ಹಾಳೆ ಇಲ್ಲಿ ಮಾಡುತ್ತಿರುವುದು ಅದೇ ಹಳೇ ಡಬ್ಬದ ಚೀಟಿಯ ಕೆಲಸ: ಇದು ಯಾರಿಗೆ ಸೇರಬೇಕು ಅಂತ ಹೇಳುವುದು.

[ದೃಶ್ಯ: ಟೋಕಿಯೋದ ಒಂದು ಸುರಂಗ ರೈಲು ಪ್ಲಾಟ್‌ಫಾರ್ಮ್. ರೈಲು ನಿಲ್ಲುತ್ತದೆ.]

ಕೊನೆಯದಾಗಿ ಇದನ್ನು ನೋಡಿ. ಟೋಕಿಯೋದ ತೊಯೆಯಿ ಅಸಾಕುಸಾ ಲೈನ್. ಇದರ ಮೇಲೆ ಬೇರೆ ಬೇರೆ ಕಂಪನಿಗಳ ರೈಲುಗಳು ಓಡುತ್ತವೆ. ಒಂದೊಂದಕ್ಕೆ ಒಂದೊಂದು ರೀತಿ ಬಾಗಿಲು. ಪ್ಲಾಟ್‌ಫಾರ್ಮ್ ಅಂಚಿನ ತಡೆಬಾಗಿಲು ಸರಿಯಾದ ಕಡೆ ತೆರೆಯಬೇಕಾದರೆ ರೈಲುಗಳಿಗೆಲ್ಲ ಹೊಸ ಯಂತ್ರ ಕೂರಿಸಬೇಕಿತ್ತು. ಅದಕ್ಕೆ ವಿಪರೀತ ಖರ್ಚು. ಲೈನ್ ನಡೆಸುವವರು ಡೆನ್ಸೊ ಬಳಗದ ಡೆನ್ಸೊ ವೇವ್ ಕಂಪನಿ ಜೊತೆ ಸೇರಿ ಬೇರೆ ದಾರಿ ಹಿಡಿದರು. ರೈಲಿನ ಬಾಗಿಲ ಗಾಜಿಗೆ ಕ್ಯೂಆರ್ ಸ್ಟಿಕ್ಕರ್ ಅಂಟಿಸಿದರು. ಎಷ್ಟು ಬೋಗಿ, ಎಷ್ಟು ಬಾಗಿಲು ಅನ್ನುವುದು ಅದರಲ್ಲೇ ಇದೆ. ಮೇಲಿನ ಕ್ಯಾಮೆರಾ ಅದನ್ನು ಓದುತ್ತದೆ. ಸ್ಟಿಕ್ಕರ್ ಪಕ್ಕಕ್ಕೆ ಸರಿಯಿತು ಅಂದರೆ ರೈಲಿನ ಬಾಗಿಲು ತೆರೆಯಿತು ಅಂತ ಲೆಕ್ಕ. ತಡೆಬಾಗಿಲೂ ತೆರೆಯುತ್ತದೆ.

[ದೃಶ್ಯ: ಬಾಗಿಲು ಮುಚ್ಚುತ್ತದೆ. ಗಾಜಿನ ಮೇಲಿನ ಮೂರು ಕಣ್ಣಿನ ಚೌಕ ರೈಲಿನ ಜೊತೆ ಮುಂದೆ ಹೋಗುತ್ತದೆ.]