ಉಸಿರಿನ ಮಾಸ್ಟ್ರು

ಕೇಳುಗರಿಗೆಲ್ಲ ನಮಸ್ಕಾರ.

ಹೋದ ತಿಂಗಳು ನಮ್ಮ ಮಾಸ್ಟ್ರು ತೀರಿಕೊಂಡರು. ಹಲಸೂರು ಕೆರೆಯಿಂದ ನಾಲ್ಕು ಬೀದಿ ಆಚೆ, ತಾರಸಿ ಮೇಲೆ ಶೀಟು ಹೊದಿಸಿದ ಒಂದು ಕೋಣೆ. ಅಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ 7 ಗಂಟೆಗೆ ಅವರು ಟ್ಯೂಬಾ ಹೇಳಿಕೊಡುತ್ತಿದ್ದರು. ರೇಡಿಯೊದಲ್ಲಿ ಹೆಸರು ಹೇಳೋದು ಬೇಡಮ್ಮ ಎಂದು ಅವರ ಮನೆಯವರು ಕೇಳಿಕೊಂಡಿದ್ದಾರೆ. ನಮಗೂ ಆ ಹೆಸರಿನಿಂದ ಎಂದೂ ಕೆಲಸ ಬಿದ್ದಿರಲಿಲ್ಲ. ಮಾಸ್ಟ್ರು ಅಂದರೆ ಬೀದಿಗೆಲ್ಲ ಗೊತ್ತಿತ್ತು.

ಟ್ಯೂಬಾವನ್ನು ನೀವು ನೋಡಿರುತ್ತೀರಿ. ಪರೇಡಿನಲ್ಲಿ ಬ್ಯಾಂಡಿನವರು ಸಾಗುವಾಗ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಹಿತ್ತಾಳೆ ವಾದ್ಯ ಅದು. ಕೂತು ನುಡಿಸುವಾಗ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡ ಹಾಗೆ ಅಪ್ಪಿ ಹಿಡಿಯಬೇಕು. 1835ರಲ್ಲಿ ಬರ್ಲಿನ್ನಿನಲ್ಲಿ ವೀಪ್ರೆಖ್ಟ್ ಎಂಬ ಸೇನಾ ಬ್ಯಾಂಡಿನ ಮುಖ್ಯಸ್ಥರೂ ಮೋರಿಟ್ಸ್ ಎಂಬ ವಾದ್ಯ ತಯಾರಕರೂ ಸೇರಿ ಇದಕ್ಕೆ ಪೇಟೆಂಟ್ ಪಡೆದರು. ನಮ್ಮ ವೀಣೆ, ಕೊಳಲುಗಳ ಮುಂದೆ ಇದು ಮೊನ್ನೆ ಹುಟ್ಟಿದ ಕೂಸು. ಬ್ಯಾಂಡುಗಳಲ್ಲಿ ಹೆಚ್ಚಾಗಿ ಬಳಸುವ ಟ್ಯೂಬಾದ ಸುತ್ತುಗಳನ್ನೆಲ್ಲ ಬಿಚ್ಚಿ ನೇರ ಮಾಡಿದರೆ ಸುಮಾರು 18 ಅಡಿ ಕೊಳವೆ. ಟ್ರಂಪೆಟ್ಟಿನದು 5 ಅಡಿಗೂ ಕಡಿಮೆ. ಮಾಸ್ಟ್ರು ತಾರಸಿಯ ಮೇಲೆ ಬಟ್ಟೆ ಒಣಹಾಕುವ ಹಗ್ಗವನ್ನು 18 ಅಡಿಗೆ ಅಳೆದು ಕಟ್ಟಿದ್ದರು. ಹೊಸದಾಗಿ ಬಂದವರನ್ನು ಅದರ ಒಂದು ತುದಿಯಲ್ಲಿ ನಿಲ್ಲಿಸಿ, "ನಿನ್ನ ಉಸಿರು ಆ ತುದಿ ತನಕ ಹೋಗಬೇಕು, ನೋಡ್ಕೋ" ಅನ್ನುತ್ತಿದ್ದರು.

ಅವರ ಅಪ್ಪ ಓಲಗದಲ್ಲಿ ಶ್ರುತಿ ಊದುತ್ತಿದ್ದವರು. ನಾಗಸ್ವರದವರ ಪಕ್ಕ ಕೂತು, ಮೂಗಿನಲ್ಲಿ ಉಸಿರೆಳೆಯುತ್ತಾ ಕೆನ್ನೆಯಲ್ಲಿ ತುಂಬಿಕೊಂಡ ಗಾಳಿಯಿಂದ ಊದುತ್ತಾ, ಒಂದೇ ಒಂದು ಸ್ವರವನ್ನು ಕಡಿಯದೆ ಹಿಡಿದಿರುವ ಕೆಲಸ. "ಯಾವ ಮದುವೆ ಆಲ್ಬಮ್ಮಿನಲ್ಲೂ ನಮ್ಮಪ್ಪ ಇಲ್ಲ. ಆದರೆ ಅವರು ಒಂದು ಗಳಿಗೆ ನಿಲ್ಲಿಸಿದ್ರೆ ಛತ್ರದಲ್ಲಿದ್ದೋರೆಲ್ಲ ತಿರುಗಿ ನೋಡೋರು," ಎಂದು ಮಾಸ್ಟ್ರು ಹೇಳುತ್ತಿದ್ದರು. ಮಗ ಸೈನ್ಯಕ್ಕೆ ಸೇರಿ, ಮಧ್ಯಪ್ರದೇಶದ ಪಚ್‌ಮಢಿಯಲ್ಲಿರುವ ಸೇನಾ ಸಂಗೀತ ಶಾಲೆಯಲ್ಲಿ ಕಲಿತರು. ನಮ್ಮ ಕೊಡಗಿನ ಜನರಲ್ ಕಾರ್ಯಪ್ಪನವರ ಆಸ್ಥೆಯಿಂದ 1950ರಲ್ಲಿ ಶುರುವಾದ ಶಾಲೆ ಅದು. ಆ ಮಾತು ಬಂದಾಗಲೆಲ್ಲ ಮಾಸ್ಟ್ರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು.

ನಾನು ಅವರ ಹತ್ತಿರ ಹೋದಾಗ ನನಗೆ 14 ವರ್ಷ. ಶಾಲೆಯ ಬ್ಯಾಂಡಿನಲ್ಲಿ ಟ್ಯೂಬಾ ಕೇಳಿದ್ದಕ್ಕೆ, "ಹೆಣ್ಣು ಮಗೂಗೆ ಅಷ್ಟು ದಮ್ಮು ಎಲ್ಲಿಂದ ಬರುತ್ತೆ, ಕ್ಲಾರಿನೆಟ್ ತಗೋ" ಅಂದಿದ್ದರು. ಅಮ್ಮ ಅದನ್ನೇ ಮಾಸ್ಟ್ರ ಮುಂದೆ ಅಳುಕುತ್ತಾ ಹೇಳಿದರು. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ದಮ್ಮು ಯಾರಿಗೆ ಬೇಕಮ್ಮ? ಇದಕ್ಕೆ ಬೇಕಾಗಿರೋದು ಉಸಿರು" ಅಂದರು.

ಆ ಮಾತು ನನಗೆ ಅರ್ಥವಾಗಲು ವರ್ಷಗಳೇ ಹಿಡಿದವು. ಟ್ರಂಪೆಟ್ಟಿಗೆ ಗಾಳಿ ಕಡಿಮೆ ಸಾಕು, ಒತ್ತಡ ಹೆಚ್ಚು ಬೇಕು. ಟ್ಯೂಬಾ ಅದಕ್ಕೆ ತದ್ವಿರುದ್ಧ. ಗಾಳಿ ಧಾರಾಳವಾಗಿ ಬೇಕು, ಆದರೆ ಅದು ಮೆತ್ತಗೆ, ತಡೆಯಿಲ್ಲದೆ ಹರಿಯಬೇಕು. ಹೊಟ್ಟೆ ಬಿಗಿಹಿಡಿದು, ಮುಖ ಕೆಂಪು ಮಾಡಿಕೊಂಡು ತಳ್ಳಿದರೆ ಸ್ವರ ಉಸಿರುಕಟ್ಟಿದಂತೆ ಬರುತ್ತದೆ. ಹೊಸಬರೆಲ್ಲ ಮಾಡುವ ತಪ್ಪೆಂದರೆ ಉಸಿರನ್ನು ಕೂಡಿಟ್ಟುಕೊಳ್ಳುವುದು. ಎಲ್ಲಿ ಖಾಲಿಯಾಗಿಬಿಡುತ್ತದೋ ಎಂಬ ಭಯ. "ಖರ್ಚು ಮಾಡು, ಖರ್ಚು ಮಾಡು, ಇನ್ನೊಂದು ಎಳ್ಕೊಂಡ್ರೆ ಆಯ್ತು, ಅದಕ್ಕೇನು ದುಡ್ಡು ಕೊಡ್ಬೇಕಾ?" ಎಂದು ಕೋಣೆಯ ಆ ಮೂಲೆಯಿಂದ ಕೂಗುತ್ತಿದ್ದರು.

ಮೊದಲ ಮೂರು ವಾರ ಅವರು ನನಗೆ ಟ್ಯೂಬಾ ಮುಟ್ಟಲು ಬಿಡಲಿಲ್ಲ. ಒಂದು ಸಣ್ಣ ಕನ್ನಡಿ ಕೈಗೆ ಕೊಟ್ಟರು. "ಬಿಸಿ ಕಾಫಿ ಆರಿಸೋ ಹಾಗೆ ಊದಬೇಡ. ಕನ್ನಡಿ ಮಬ್ಬಾಗೋ ಹಾಗೆ ಹಾ ಅಂತ ಬಿಡು." ಎರಡೂ ಭುಜದ ಮೇಲೆ ಒಂದೊಂದು ರೂಪಾಯಿ ನಾಣ್ಯ ಇಡುತ್ತಿದ್ದರು. ಉಸಿರೆಳೆಯುವಾಗ ನಾಣ್ಯ ಬಿದ್ದರೆ ಮತ್ತೆ ಮೊದಲಿನಿಂದ. ಆಮೇಲೆ ಮೂರು ಚೆಂಡಿನ ಆ ಪ್ಲಾಸ್ಟಿಕ್ ಡಬ್ಬಿ. ಆಪರೇಷನ್ ಆದವರಿಗೆ ಆಸ್ಪತ್ರೆಯಲ್ಲಿ ಕೊಡುತ್ತಾರಲ್ಲ, ಅದೇ. ಅಕ್ಕಪಕ್ಕ ಮೂರು ಗೂಡು, ಒಂದೊಂದರಲ್ಲಿ ಒಂದೊಂದು ಹಗುರ ಚೆಂಡು, ಗೂಡಿನ ಮೇಲೆ 600, 900, 1200 ಎಂಬ ಅಚ್ಚು, ಸೆಕೆಂಡಿಗೆ ಅಷ್ಟು ಮಿಲಿಲೀಟರ್ ಗಾಳಿ ಎಂದು. ಕೊಳವೆಯಿಂದ ಉಸಿರೆಳೆದರೆ ಚೆಂಡು ಮೇಲೆದ್ದು ಟಕ್ ಎಂದು ತಲೆಗೆ ತಾಗುತ್ತದೆ. ಮೂರನೆಯದು ಏಳುವುದು ಸುಲಭವಲ್ಲ. ಮಾಸ್ಟ್ರು ಅದೇ ಡಬ್ಬಿಯನ್ನು ತಲೆಕೆಳಗು ಮಾಡಿ ಊದಿಸುತ್ತಿದ್ದರು. ನಮ್ಮ ಗುಂಪಿನಲ್ಲಿ ಮೊದಲು ಮೂರೂ ಚೆಂಡು ಎತ್ತಿದವಳು ನಾನು. ಅವತ್ತು ಕೆಳಗಿನ ಅಂಗಡಿಯಿಂದ ಎಲ್ಲರಿಗೂ ಬನ್ನು, ಬೆಣ್ಣೆ ತರಿಸಿದರು.

ಈ ವಿದ್ಯೆ ತಮ್ಮದೇ ಎಂದು ಅವರು ಯಾವತ್ತೂ ಹೇಳಿಕೊಳ್ಳಲಿಲ್ಲ. ದೇವರ ಫೋಟೊಗಳ ಪಕ್ಕದಲ್ಲಿ ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರವಿತ್ತು. ಅರ್ನಾಲ್ಡ್ ಜೇಕಬ್ಸ್. 1944ರಿಂದ 1988ರವರೆಗೆ ಶಿಕಾಗೊ ಸಿಂಫನಿ ಆರ್ಕೆಸ್ಟ್ರಾದಲ್ಲಿ ಟ್ಯೂಬಾ ನುಡಿಸಿದವರು, ಊದುವ ವಾದ್ಯದವರಿಗೆಲ್ಲ ಉಸಿರಾಟದ ಗುರು. ಅವರಿಗೆ ಉಬ್ಬಸವಿತ್ತು. ಹಾಗಿದ್ದೂ, ಅಥವಾ ಅದರಿಂದಲೇ ಇರಬೇಕು, ಶ್ವಾಸಕೋಶ ಹೇಗೆ ಕೆಲಸ ಮಾಡುತ್ತದೆ ಎಂದು ಕೂತು ಓದಿದರು. ಉಸಿರು ಅಳೆಯುವ ಉಪಕರಣಗಳನ್ನು ಪಾಠದ ಕೋಣೆಗೆ ತಂದರು. ಅವರ ಪಾಠವೆಲ್ಲ ಎರಡು ಮಾತಿನಲ್ಲಿ ಅಡಗಿತ್ತು: ಹಾಡು, ಗಾಳಿ. ಮನಸ್ಸಿನಲ್ಲಿ ಹಾಡು ಇರಲಿ, ಕೊಳವೆಯಲ್ಲಿ ಗಾಳಿ ಹೋಗಲಿ, ಮೈಯ ಉಳಿದ ಕೆಲಸ ತಾನೇ ಆಗುತ್ತದೆ ಎಂದು. 1998ರಲ್ಲಿ ತೀರಿಕೊಂಡ ಅವರನ್ನು ಮಾಸ್ಟ್ರು ಕಣ್ಣಾರೆ ಕಂಡವರಲ್ಲ. ಆದರೂ ಗುರುಪೂರ್ಣಿಮೆಗೆ ಆ ಚಿತ್ರಕ್ಕೂ ಒಂದು ಹೂವು ಏರಿಸುತ್ತಿದ್ದರು.

ಈಗ ನಿಮ್ಮ ಮುಂದಿರುವ ರೇಡಿಯೊ ಬಗ್ಗೆ ಒಂದು ಮಾತು. ಮಾಸ್ಟ್ರ ಹತ್ತಿರ ಅಂಗೈಯಗಲದ ಹಳೆಯ ಟ್ರಾನ್ಸಿಸ್ಟರ್ ಒಂದಿತ್ತು. ಒಂದು ದಿನ ಅದರಲ್ಲಿ ಯಾವುದೋ ಬ್ಯಾಂಡ್ ಬರುತ್ತಿದ್ದಾಗ, "ಬೇಸ್ ಕೇಳಿಸ್ತಿದೆಯಾ?" ಅಂದರು. ಕೇಳಿಸುತ್ತಿದೆ ಅಂದೆವು. "ಸುಳ್ಳು. ಇಷ್ಟು ಚಿಕ್ಕ ಸ್ಪೀಕರಿಗೆ ಆ ಸ್ವರ ಬರೋದೇ ಇಲ್ಲ," ಅಂದರು. ಟ್ಯೂಬಾದ ಕೆಳಸ್ವರ ಸೆಕೆಂಡಿಗೆ 40, 50 ಸಲ ಕಂಪಿಸುವಂಥದ್ದು. ಸಣ್ಣ ಸ್ಪೀಕರು ಅದನ್ನು ಕೈಬಿಟ್ಟು, ಆ ಸ್ವರದ ಜೊತೆಗೇ ಹುಟ್ಟುವ ಮೇಲಿನ ಸ್ವರಗಳನ್ನಷ್ಟೇ ಕೊಡುತ್ತದೆ. ಅವುಗಳ ನಡುವಿನ ಅಂತರವನ್ನು ಹಿಡಿದು ನಮ್ಮ ಮೆದುಳು ಕೆಳಗಿನ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಇಲ್ಲದ ಸ್ವರ ಕೇಳಿಸುತ್ತದೆ. ಅವತ್ತು ನಾವೆಲ್ಲ ಆ ಟ್ರಾನ್ಸಿಸ್ಟರಿಗೆ ಕಿವಿ ಹಚ್ಚಿ ಎಷ್ಟೋ ಹೊತ್ತು ಕೂತಿದ್ದೆವು.

ಅವರ ಟ್ಯೂಬಾ ಮೀರತ್ತಿನಲ್ಲಿ ತಯಾರಾದದ್ದು. ಮೈತುಂಬ ನೆಗ್ಗು. ಮಡಿಲಿಗೆ ಒರಗುವ ಕಡೆ ಪಾಲಿಷ್ ಹೋಗಿ ಹಿತ್ತಾಳೆ ಮಂಕಾಗಿತ್ತು. ಪಾಠ ಮುಗಿದ ಮೇಲೆ ಕೊಳವೆಯ ಸಣ್ಣ ಬಾಯಿ ಒತ್ತಿ ನೀರು ಬಸಿಯುತ್ತಿದ್ದರು. ಹೊಸ ಮಕ್ಕಳು ಉಗುಳು ಎಂದು ಮುಖ ಸಿಂಡರಿಸಿದರೆ ಅವರಿಗೆ ಬೇಜಾರಾಗುತ್ತಿತ್ತು. "ಉಗುಳಲ್ಲ ಕಣೋ, ನಿನ್ನ ಉಸಿರೇ ತಣ್ಣಗಾಗಿ ನೀರಾಗಿರೋದು" ಎಂದು ಆ ಹನಿಗಳನ್ನು ತುಳಸಿ ಕುಂಡದ ಪಕ್ಕದ ದಾಸವಾಳಕ್ಕೆ ಬಿಡುತ್ತಿದ್ದರು.

ಟ್ಯೂಬಾ ಅಂದರೆ ಬರೀ ಬುಂ ಬುಂ ಅನ್ನುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ವಾನ್ ವಿಲಿಯಮ್ಸ್ ಎಂಬ ಇಂಗ್ಲಿಷ್ ಸ್ವರಕಾರರು 80 ದಾಟಿದ ಮೇಲೆ ಟ್ಯೂಬಾಕ್ಕಾಗಿಯೇ ಒಂದು ಕನ್ಚರ್ಟೊ, ಅಂದರೆ ಇಡೀ ಆರ್ಕೆಸ್ಟ್ರಾದ ಜೊತೆ ಒಂದೇ ವಾದ್ಯ ಮುಂದಾಗಿ ನುಡಿಸುವ ಕೃತಿ, ಬರೆದರು. 1954ರಲ್ಲಿ ಲಂಡನ್ನಿನಲ್ಲಿ ಅದರ ಮೊದಲ ಪ್ರದರ್ಶನವಾಯಿತು. ಅದರ ನಡುವಿನ ನಿಧಾನ ಭಾಗವನ್ನು ಮಾಸ್ಟ್ರು ಸಂಜೆ ಹೊತ್ತು ಒಬ್ಬರೇ ನುಡಿಸುತ್ತಿದ್ದರು. ಅಷ್ಟು ದೊಡ್ಡ ವಾದ್ಯ ಅಷ್ಟು ಮೆಲ್ಲಗೆ ಹಾಡುವುದನ್ನು ನಾನು ಆಮೇಲೆ ಎಲ್ಲೂ ಕೇಳಿಲ್ಲ.

ಎರಡು ವರ್ಷದ ಹಿಂದೆ ಕಾಯಿಲೆ ಬಂತು. ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಆ ಮನುಷ್ಯನಿಗೆ ಅಲ್ಲಿಗೇ ಬರಬೇಕಿತ್ತೇ ಎಂದು ನನಗೆ ಇವತ್ತಿಗೂ ಸಂಕಟವಾಗುತ್ತದೆ. ಮೊದಲು ಮೆಟ್ಟಿಲು ನಿಂತಿತು, ಆಮೇಲೆ ಟ್ಯೂಬಾ. ಪಾಠ ಮಾತ್ರ ನಿಲ್ಲಲಿಲ್ಲ. ಕೆಳಗಿನ ಮನೆಯಲ್ಲಿ ಮಂಚದ ಮೇಲೆ ಕೂತು, ನಮ್ಮ ಭುಜ ನೋಡಿಯೇ ತಪ್ಪು ಹೇಳುತ್ತಿದ್ದರು.

ಕೊನೆಗೆ ಆಸ್ಪತ್ರೆ. ಜನರಲ್ ವಾರ್ಡು. ಪಕ್ಕದ ಮಂಚದಲ್ಲಿ ಕೋಲಾರದ ಕಡೆಯ ರೈತರೊಬ್ಬರಿದ್ದರು, ಹೊಟ್ಟೆಯ ಆಪರೇಷನ್ ಆಗಿತ್ತು. ನರ್ಸಮ್ಮ ಅವರಿಗೆ ಮೂರು ಚೆಂಡಿನ ಡಬ್ಬಿ ಕೊಟ್ಟು ಹೋಗಿದ್ದರು. ಹೊಲಿಗೆ ನೋಯುತ್ತದೆಂದು ಅವರು ಉಸಿರನ್ನು ಗಂಟಲಿನಿಂದ ಕೆಳಗೆ ಇಳಿಸುತ್ತಲೇ ಇರಲಿಲ್ಲ. ನಾನು ಹೋದಾಗ ಮಾಸ್ಟ್ರು ಆಮ್ಲಜನಕದ ಮಾಸ್ಕನ್ನು ಒಂದು ಕೈಯಲ್ಲಿ ಪಕ್ಕಕ್ಕೆ ಸರಿಸಿ, ಮಾತಿನ ನಡುವೆ ಏದುಸಿರು ಬಿಡುತ್ತಾ ಹೇಳುತ್ತಿದ್ದರು: "ದಿಂಬು ಹೊಟ್ಟೆಗೆ ಅವಚಿ ಹಿಡ್ಕೊಳ್ಳಿ ಯಜಮಾನ್ರೇ. ಭುಜ ಬಿಟ್ಬಿಡಿ. ನಿಧಾನ. ಜಗಳ ಆಡಬೇಡಿ ಅದರ ಜೊತೆ." ನನ್ನನ್ನು ನೋಡಿ, "ಬಂದ್ಯಾ? ಚಿಲ್ಲರೆ ಇದ್ರೆ ಎರಡು ನಾಣ್ಯ ಕೊಡು" ಅಂದರು. ಆ ರೈತರ ಭುಜದ ಮೇಲೆ ನಾನೇ ಇಟ್ಟೆ. ಅವತ್ತು ಒಂದು ಚೆಂಡು ಎದ್ದಿತು. ಮಾಸ್ಟ್ರು ಚಪ್ಪಾಳೆ ತಟ್ಟಲು ಹೋಗಿ ಕೆಮ್ಮಿದರು.

ಅದಾಗಿ ಐದನೇ ದಿನ ಬೆಳಗಿನ ಜಾವ ಅವರು ಹೋದರು. ಶಿಷ್ಯರು ಹನ್ನೊಂದು ಜನ ಸೇರಿ ಮನೆ ಮುಂದೆ ನುಡಿಸಿದೆವು.

ಮೊನ್ನೆ ನನಗೊಂದು ಫೋನು ಬಂತು. ಆ ರೈತರ ಮಗ. ಆಸ್ಪತ್ರೆಯಲ್ಲಿ ನನ್ನ ನಂಬರು ಬರೆದುಕೊಂಡಿದ್ದ. "ಅಪ್ಪ ಊರಿಗೆ ಬಂದವ್ರೆ ಅಕ್ಕ, ದಿನಾ ಮೂರು ಹೊತ್ತು ಅದೇ ಕೆಲಸ. ಮಾಸ್ಟ್ರಿಗೆ ಕೇಳಿಸ್ಬೇಕಂತೆ," ಎಂದು ಫೋನನ್ನು ಅವರ ಹತ್ತಿರ ಹಿಡಿದ. ಒಂದು ಉದ್ದನೆಯ ಉಸಿರು ಕೇಳಿಸಿತು. ಟಕ್. ಅದರ ಹಿಂದೆಯೇ ಇನ್ನೊಂದು ಟಕ್. ಸ್ವಲ್ಪ ತಡೆದು ಮೂರನೆಯದು.

"ಕೇಳಿಸ್ತೇನಮ್ಮ?" ಅಂದರು ಅವರು. "ಮಾಸ್ಟ್ರಿಗೆ ಹೇಳ್ತೀಯಾ?"

ಹೇಳುತ್ತೇನೆ ಅಂದೆ.

ನಮಸ್ಕಾರ.